ದೂರದ ಸವಾರಿಯ ಸ್ತ್ರೀಯರೂ ಅವರು ಬರೆದ ಪುಸ್ತಕಗಳೂ

ಹೆಣ್ಣುಮಕ್ಕಳಿಗೆ ಓದಲಿಕ್ಕೆ ಎಂಥ ಪುಸ್ತಕಗಳನ್ನು ಕೊಡತಕ್ಕದ್ದೆಂದು ಪೋಷಕರು ನಮ್ಮನ್ನು ಆಗಾಗ್ಗೆ ಕೇಳುವದುಂಟು. ಹೆಸರು ಪಡೆದ ಸ್ತ್ರೀಯರ ಜೀವನಚರಿತ್ರೆಗಳನ್ನು ಕೊಡಿರೆಂದು ಉಪಾಧ್ಯಾಯಿನಿಯರು ವಾಡಿಕೆಯಾಗಿ ಉತ್ತರ ಕೊಡುವರು. ಉತ್ತರವೇನೋ ತಪ್ಪಲ್ಲ. ಆದರೆ ಅಂಥ ಚರಿತ್ರೆಗಳಲ್ಲಿ ಬಹುಭಾಗವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆ. ಕಥಾನಾಯಿಕೆಯು ಚಿಕ್ಕಂದಿನಲ್ಲಿಯೇ ಗುರಿಯನ್ನು ಕಂಡುಕೊಂಡಳು, ಕಷ್ಟಪಟ್ಟಳು, ಜಯಿಸಿದಳು, ಸನ್ಮಾನ ಹೊಂದಿದಳು ಎಂಬಲ್ಲಿಗೆ ಮಂಗಳ ಹಾಡಿಬಿಡುತ್ತವೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ನೆರೆಹೊರೆಯವರ ಮುಖವನ್ನು ನೋಡಲಾರದೆ, ಅಡಿಗೆಮನೆಯ ಬಾಗಿಲ ಮರೆಯಲ್ಲಿ ಕುಳಿತಿರುವ ಹದಿನಾರರ ಹುಡುಗಿಗೆ ಇಂಥ ಪುಸ್ತಕದಿಂದ ಏನು ದೊರೆತೀತು? ತಾನು ಆ ಪಂಕ್ತಿಗೆ ಸೇರಿದವಳಲ್ಲವೆಂಬ ದುಃಖವೊಂದೇ. ಆದಕಾರಣ ಇನ್ನೊಂದು ಬಗೆಯ ಪುಸ್ತಕಗಳನ್ನು, ಅಂದರೆ ಬಹುದೂರ ಬೈಸಿಕಲ್ ಸವಾರಿ ಮಾಡಿದ ಸ್ತ್ರೀಯರು ತಾವೇ ಬರೆದಿಟ್ಟ ಆತ್ಮವೃತ್ತಾಂತಗಳನ್ನು, ನಮ್ಮ ಪೂರ್ವವಿದ್ಯಾರ್ಥಿನಿಯರೂ ಪೋಷಕರೂ ತಾವು ಓದಿ ಮಕ್ಕಳಿಗೂ ಓದಿಸಬೇಕೆಂಬದು ನಮ್ಮ ಅಭಿಪ್ರಾಯ. ಇದು ಕೆಲವರಿಗೆ ವಿಚಿತ್ರವಾಗಿ ಕಾಣುವದೆಂದು ಬಲ್ಲೆವು. ಆದ್ದರಿಂದಲೇ ತುಸು ವಿವರಿಸಿ ಬರೆಯುತ್ತೇವೆ.

ಇವುಗಳಲ್ಲಿ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಎಮಿಲಿ ಚಾಪೆಲ್ ಎಂಬವರು ಬರೆದ ‘ವೇರ್ ದೇರ್ಸ್ ಎ ವಿಲ್’ ಎಂಬ ಗ್ರಂಥ. ಇದು 2019ರಲ್ಲಿ ಅಚ್ಚಾಯಿತು. ಮನಸ್ಸಿದ್ದರೆ ಮಾರ್ಗವುಂಟೆಂಬ ನಮ್ಮ ಗಾದೆಯಂಥದೇ ಒಂದು ಗಾದೆ ಇಂಗ್ಲಿಷರಲ್ಲಿಯೂ ಇದೆ. ಚಾಪೆಲ್ ಅವರು ಅದರ ಮೊದಲರ್ಧವನ್ನು ಮಾತ್ರ ಪುಸ್ತಕದ ಹೆಸರಾಗಿ ಇಟ್ಟು ಉಳಿದರ್ಧವನ್ನು ಬಿಟ್ಟಿದ್ದಾರೆ. ಮನಸ್ಸಿದ್ದ ಮಾತ್ರಕ್ಕೆ ಮಾರ್ಗವು ಕೈಗೂಡುವದಿಲ್ಲವೆಂಬದು ಪುಸ್ತಕವನ್ನು ಓದುತ್ತ ಹೋದ ಹಾಗೆ ತಿಳಿದುಬರುತ್ತದೆ.

ಮೊದಲು ಆ ಪಂದ್ಯದ ಸ್ವರೂಪವನ್ನು ಹೇಳಬೇಕು. ಯುರೋಪ್ ಖಂಡವನ್ನು ಅಡ್ಡಲಾಗಿ ಹಾಯುವ ‘ಟ್ರಾನ್ಸ್‌ಕಾಂಟಿನೆಂಟಲ್’ ಎಂಬ ಬೈಸಿಕಲ್ ಪಂದ್ಯವನ್ನು ಮೈಕ್ ಹಾಲ್ ಎಂಬ ಬ್ರಿಟಿಷ್ ಸವಾರರು 2013ರಲ್ಲಿ ಆರಂಭಿಸಿದರು. ದೂರವು ಸುಮಾರು 4,000 ಕಿಲೋಮೀಟರು. ಫ್ರಾನ್ಸ್ ದೇಶದ ಪ್ರಸಿದ್ಧ ಪಂದ್ಯದಲ್ಲಿ ಸವಾರರು ಪ್ರತಿ ಸಾಯಂಕಾಲ ಇಳಿದು ಉಂಡು ಮಲಗುವರು. ಅವರ ಹಿಂದೆ ವೈದ್ಯರೂ ಅಡಿಗೆಯವರೂ ಯಂತ್ರ ರಿಪೇರಿಯವರೂ ವಾಹನಗಳಲ್ಲಿ ಬರುವರು. ಇಲ್ಲಿ ಹಾಗಲ್ಲ. ಹೊರಟ ಕ್ಷಣದಿಂದ ತಲಪುವ ತನಕ ಗಡಿಯಾರವು ನಿಲ್ಲುವದೇ ಇಲ್ಲ. ನಿದ್ರಿಸಿದ ಘಂಟೆಯೂ ಲೆಕ್ಕಕ್ಕೆ ಸೇರುತ್ತದೆ, ಚಕ್ರದ ತೂತು ಮುಚ್ಚಿದ ಘಳಿಗೆಯೂ ಸೇರುತ್ತದೆ. ನಿಯಮಿಸಿದ ನಾಲ್ಕಾರು ಠಾಣೆಗಳನ್ನು ಮುಟ್ಟತಕ್ಕದ್ದು. ಅವುಗಳ ನಡುವಿನ ದಾರಿಯನ್ನು ಸವಾರನೇ ಆರಿಸಿಕೊಳ್ಳತಕ್ಕದ್ದು. ಯಾರಿಗೂ ದೊರೆಯುವ ಅಂಗಡಿ ಹೋಟೆಲುಗಳ ಹೊರತು ಗೆಳೆಯರಿಂದಾಗಲಿ ಮನೆಯವರಿಂದಾಗಲಿ ಒಂದು ಲೋಟ ನೀರಿನ ಸಹಾಯವನ್ನೂ ಪಡೆಯಕೂಡದು. ಬಹುಮಾನದ ಹಣವೂ ಇಲ್ಲ. ಮನೆಯವರು ಮಾಡಬಹುದಾದದ್ದು ಒಂದೇ: ಪ್ರತಿ ಸವಾರರ ಬಳಿ ಇರುವ ಪುಟ್ಟ ಯಂತ್ರದ ಮೂಲಕ ಅವರು ಎಲ್ಲಿದ್ದಾರೆಂಬದು ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಕಾಣುತ್ತದೆ, ಆ ಚುಕ್ಕೆಯನ್ನು ನೋಡುತ್ತ ಕೂಡ್ರುವದು. ಮಗಳು ಪರವೂರಿನ ಕಾಲೇಜಿಗೆ ಹೋದ ಮೇಲೆ ಫೋನನ್ನು ಕೈಯಲ್ಲಿ ಹಿಡಿದು ಕೂತ ತಾಯಂದಿರಿಗೆ ಈ ಅವಸ್ಥೆಯನ್ನು ಬಣ್ಣಿಸಬೇಕಾಗಿಲ್ಲ.

ಚಾಪೆಲ್ ಅವರು ಈ ಪಂದ್ಯದಲ್ಲಿ ಮೊದಲು ಭಾಗವಹಿಸಿದ್ದು 2015ರಲ್ಲಿ. ಬೆಲ್ಜಿಯಂ ದೇಶದಲ್ಲಿ ಹೊರಟು, ಫ್ರಾನ್ಸಿನಲ್ಲಿ ಸುಮಾರು 1,900 ಮೀಟರು ಎತ್ತರದ ವೆಂತೂ ಶಿಖರವನ್ನು ಏರಿ, ಆಲ್ಪ್ಸ್ ಪರ್ವತಗಳನ್ನು ದಾಟಿ ತುರ್ಕಿಯನ್ನು ಸೇರಬೇಕಾಗಿತ್ತು. ಸುಮಾರು ಅರ್ಧದಾರಿಯಲ್ಲಿ ಅವರ ದೇಹವು ಕೈಕೊಟ್ಟಿತು. ಒಂದು ಹೊಲದಲ್ಲಿ ಅಂಗಾತ ಬಿದ್ದಿರುವವರಾಗಿ ಫಕ್ಕನೆ ಎಚ್ಚತ್ತರು. ಪಂದ್ಯವು ಅವರ ಪಾಲಿಗೆ ಅಲ್ಲಿಗೆ ಮುಗಿಯಿತು.

ಮರುವರುಷ, ಅಂದರೆ 2016ರಲ್ಲಿ, ಅವರು ತಿರಿಗಿ ಹೊರಟರು. ಬೆಲ್ಜಿಯಮಿನಿಂದ ತುರ್ಕಿಯ ಚನಾಕ್ಕಲೆ ಪಟ್ಟಣದ ವರೆಗಿನ ದಾರಿಯನ್ನು 13 ದಿನ 10 ಘಂಟೆಗಳಲ್ಲಿ ಮುಗಿಸಿ, ಸ್ತ್ರೀಯರಲ್ಲಿ ಮೊದಲಿಗರಾದರು. ಇದರ ಅರ್ಥವು ಅಂಕಿಗಳಿಂದ ಮನಸ್ಸಿಗೆ ಹತ್ತದು. ಮಂಗಳೂರಿನಲ್ಲಿ ಹೊರಟು, ಶಿರಾಡಿಯ ಘಟ್ಟವನ್ನು ಏರಿ, ಹಾಸನವನ್ನು ಹಿಂದೆ ಹಾಕಿ, ಬೆಂಗಳೂರಿನ ಸಮೀಪಕ್ಕೆ ಬರುವಷ್ಟು ದೂರವನ್ನು ಒಂದು ದಿನದಲ್ಲಿ ತುಳಿಯುವದು. ಮರುದಿನ ಎದ್ದು ಅಷ್ಟೇ ದೂರವನ್ನು ಮತ್ತೆ ತುಳಿಯುವದು. ಹೀಗೆ ಹದಿಮೂರು ದಿನ. ನಿದ್ರೆಯು ಬೇಲಿಯ ಬುಡದಲ್ಲಿ ಇಲ್ಲವೆ ಬಸ್ಸು ತಂಗುದಾಣದಲ್ಲಿ, ಅದೂ ಕೆಲವೇ ಘಂಟೆ. ಊಟವು ಪೆಟ್ರೋಲ್ ಅಂಗಡಿಗಳಲ್ಲಿ ಸಿಕ್ಕಿದ್ದು. ಇಂಥ ಸವಾರಿಯಲ್ಲಿ ಬೆರಳುಗಳು ಜೋಮು ಹಿಡಿಯುತ್ತವೆ, ಕುತ್ತಿಗೆಯು ತಲೆಯನ್ನು ಹೊರಲಾರದೆ ಸೋಲುತ್ತದೆ, ಕೂಡುವ ಜಾಗವು ಹುಣ್ಣಾಗುತ್ತದೆ. ಇವೆಲ್ಲ ಹೆಂಗಸರು ಬಾಯಿಬಿಟ್ಟು ಆಡಬಾರದ ಮಾತುಗಳೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಆಡದೆ ಇದ್ದದರಿಂದ ಯಾವ ಹೆಂಗಸಿನ ನೋವೂ ಕಡಿಮೆಯಾದದ್ದನ್ನು ನಾವು ಕಾಣೆವು.

ಸತ್ಯವನ್ನು ಮುಚ್ಚದೆ ಹೇಳುವದಾದರೆ, ಆ ವರುಷ ಎಲ್ಲರಿಗಿಂತ ಮೊದಲು ತಲಪಿದ ಬೆಲ್ಜಿಯಂ ದೇಶದ ಕ್ರಿಸ್ಟಾಫ್ ಅಲೆಗರ್ಟ್ ಎಂಬವರು ಒಂಬತ್ತು ದಿನ ತುಂಬುವದಕ್ಕೆ ಮುಂಚೆಯೇ ದಾರಿಯನ್ನು ಮುಗಿಸಿದ್ದರು. ಹಾಗೆಂದು ಸ್ತ್ರೀಯರು ಗಂಡಸರ ಹಿಂದೆಯೇ ಇರತಕ್ಕವರೆಂದು ಯಾರೂ ತೀರ್ಮಾನಿಸುವದು ಬೇಡ. 2019ರಲ್ಲಿ ಫಿಯೋನಾ ಕೋಲ್ಬಿಂಗರ್ ಎಂಬ 24ರ ಪ್ರಾಯದ ಜರ್ಮನ್ ತರುಣಿ, ಅರ್ಬುದ ರೋಗದ ಸಂಶೋಧನೆಯಲ್ಲಿ ತೊಡಗಿದ್ದವರು, ಬಲ್ಗೇರಿಯದ ಬುರ್ಗಾಸಿನಿಂದ ಫ್ರಾನ್ಸಿನ ಬ್ರೆಸ್ಟಿನ ವರೆಗೆ 10 ದಿನ 2 ಘಂಟೆ 48 ನಿಮಿಷಗಳಲ್ಲಿ ಹೋಗಿ, ಇನ್ನೂರಕ್ಕೂ ಮಿಕ್ಕ ಸವಾರರಲ್ಲಿ ಗಂಡಸರನ್ನೂ ಸೇರಿಸಿ ಎಲ್ಲರಿಗೂ ಮೊದಲಿಗರಾದರು. ಇಷ್ಟು ದೂರದ ಸವಾರಿಯಲ್ಲಿ ತೋಳುತೊಡೆಗಳ ಬಲವೊಂದೇ ಸಾಲದು; ಯಾವಾಗ ತಿನ್ನಬೇಕು, ಎಲ್ಲಿ ಮಲಗಬೇಕು, ಯಾವ ದಾರಿಯನ್ನು ಬಿಡಬೇಕು ಎಂಬ ವಿವೇಚನೆಯೂ ಬೇಕು. ಮನೆಯನ್ನು ನಡೆಸಿದ ಯಾವ ಹೆಂಗಸಿಗೂ ಇದು ಹೊಸ ವಿದ್ಯೆಯಲ್ಲ.

ಕೋಲ್ಬಿಂಗರ್ ಅವರ ಜಯವನ್ನು ಕೇಳಿ ನಮಗೆ ಬಹಳ ಹರ್ಷವಾಯಿತು. ಆದಾಗ್ಯೂ ಶಾಲೆಯ ಕೆಲಸಕ್ಕೆ ಹೆಚ್ಚು ಪ್ರಯೋಜನವಾದದ್ದು ಯಾವದೆಂದು ಕೇಳಿದರೆ ಚಾಪೆಲ್ ಅವರ ಪುಸ್ತಕವನ್ನೇ ತೋರಿಸುವೆವು. ಜಯದ ಸುದ್ದಿಯನ್ನು ವರ್ತಮಾನಪತ್ರಿಕೆಗಳು ಬರೆಯುತ್ತವೆ. ಅರ್ಧದಾರಿಯಲ್ಲಿ ನಿಂತದ್ದನ್ನು ನಿಂತವರೇ ಬರೆಯಬೇಕಷ್ಟೆ. ಚಾಪೆಲ್ ಅವರು ಹೊಲದಲ್ಲಿ ಬಿದ್ದದ್ದನ್ನು ಗೆಲುವಿಗೆ ಮುನ್ನುಡಿಯೆಂಬಂತೆ ಎರಡು ಸಾಲಿನಲ್ಲಿ ಹೇಳಿ ಮುಗಿಸಲಿಲ್ಲ. ದೇಹವು ಹೇಗೆ ಸೋತಿತು, ಮನಸ್ಸು ಹೇಗೆ ಸೋತಿತು ಎಂಬದನ್ನು ಗೆಲುವಿಗೆ ಕೊಟ್ಟಷ್ಟೇ ಗೌರವದಿಂದ ಬರೆದಿದ್ದಾರೆ. ಇದನ್ನು ಓದಿದ ಹುಡುಗಿಗೆ, ನಿಲ್ಲಬೇಕಾದಲ್ಲಿ ನಿಲ್ಲುವದೂ ಒಂದು ತಿಳುವಳಿಕೆಯೆಂಬದು ಮನಸ್ಸಿಗೆ ಬರುತ್ತದೆ. ಇಂಥ ಪುಸ್ತಕಗಳಿಂದ ಮಕ್ಕಳು ಹುಚ್ಚು ಸಾಹಸಕ್ಕೆ ಇಳಿಯುವರೆಂದು ಹೆದರುವ ಪೋಷಕರು ಈ ಅಧ್ಯಾಯಗಳನ್ನು ಓದಿ ನೋಡಲಿ.

ಚಾಪೆಲ್ ಅವರ ಮೊದಲನೆಯ ಪುಸ್ತಕವನ್ನೂ ಇಲ್ಲಿ ಹೇಳಲೇಬೇಕು. ‘ವಾಟ್ ಗೋಸ್ ಅರೌಂಡ್’ ಎಂಬ ಹೆಸರಿನ ಈ ಗ್ರಂಥವು 2016ರಲ್ಲಿ ಬಂತು. ವೇಲ್ಸ್ ಸೀಮೆಯಲ್ಲಿ ಬೆಳೆದು ಒಳ್ಳೇ ವಿದ್ಯಾಭ್ಯಾಸ ಹೊಂದಿದ ಈ ಸ್ತ್ರೀ, ಲಂಡನ್ ನಗರದಲ್ಲಿ ಬೈಸಿಕಲ್ ಮೇಲೆ ಪೊಟ್ಟಣಗಳನ್ನೂ ಕಾಗದಪತ್ರಗಳನ್ನೂ ಹೊತ್ತು ಕಚೇರಿಯಿಂದ ಕಚೇರಿಗೆ ಮುಟ್ಟಿಸುವ ಉದ್ಯೋಗವನ್ನು ಹಲವು ವರುಷ ಮಾಡಿದರು. ತಲಪಿಸಿದ ಪೊಟ್ಟಣದ ಲೆಕ್ಕಕ್ಕೆ ಕೂಲಿ. ಮಳೆಯಿದ್ದರೂ ಹಿಮವಿದ್ದರೂ ದಿನವಿಡೀ ಬೀದಿಯಲ್ಲಿ. ಆ ಕಸಬಿನಲ್ಲಿ ಹೆಂಗಸರು ಬಹಳ ವಿರಳ. ನಮ್ಮ ಮಗಳು ಪದವಿ ಪಡೆದು ಇಂಥ ಕೆಲಸಕ್ಕೆ ಹೊರಟರೆ ನಾವೆಲ್ಲರೂ ಕೇಳುವದು ಒಂದೇ ಪ್ರಶ್ನೆ: ಇದಕ್ಕಾಗಿಯೋ ನಿನ್ನನ್ನು ಓದಿಸಿದ್ದು? ಚಾಪೆಲ್ ಅವರ ಪುಸ್ತಕವು ಈ ಪ್ರಶ್ನೆಗೆ ವಾದ ಮಾಡುವದಿಲ್ಲ. ಗಲ್ಲಿಗಳ ಪರಿಚಯ, ಜತೆಗಾರರ ಸ್ನೇಹ, ಕಚೇರಿಗಳ ಜನರು ಹೊರೆ ತಂದವರ ಮುಖವನ್ನು ನೋಡದೆಯೇ ರುಜು ಹಾಕುವ ರೀತಿ, ಕೈಕಾಲುಗಳಿಗೆ ನಿಧಾನವಾಗಿ ಬಂದ ಶಕ್ತಿ, ಇವನ್ನು ಬರೆಯುತ್ತ ಹೋಗುತ್ತದೆ. ನಮ್ಮ ಬಾಗಿಲಿಗೆ ಈಗ ದಿನವೂ ಪೊಟ್ಟಣ ತರುವ ಹುಡುಗರಿಗೆ ಒಂದು ಲೋಟ ನೀರು ಬೇಕೋ ಎಂದು ಕೇಳಿದವರೆಷ್ಟು ಮಂದಿ? ಓದಿದವರ ಕೈಯಲ್ಲಿ ದುಡಿಮೆಯ ವೃತ್ತಾಂತವು ಸಾಹಿತ್ಯವಾಗಿ ಬರುವದು ಅಪರೂಪ. ಅದಕ್ಕಾಗಿಯಾದರೂ ಇದನ್ನು ಓದಬೇಕು. ಈ ಉದ್ಯೋಗದಲ್ಲಿ ಬಂದ ಬಲದಿಂದಲೇ ಅವರು 2011ರಲ್ಲಿ ವೇಲ್ಸಿನಿಂದ ಹೊರಟು, ಏಷ್ಯಾ ಖಂಡವನ್ನು ದಾಟಿ, ಜಪಾನಿನ ವರೆಗೆ ಬೈಸಿಕಲ್ ಪ್ರಯಾಣ ಮಾಡಿದರು.

ಇದು ಈಗಿನ ಕಾಲದ ಹುಡುಗಿಯರ ಚಪಲವೆಂದು ಮೂಗು ಮುರಿಯುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪು ಮಾಡಿಕೊಡುತ್ತೇವೆ. ಮದ್ಯಪಾನ ನಿರೋಧಕ್ಕಾಗಿ ಹೋರಾಡಿದ ಅಮೇರಿಕದ ಕ್ರೈಸ್ತ ಸ್ತ್ರೀಯರ ಸಂಘಕ್ಕೆ 1879ರಿಂದ ಅಧ್ಯಕ್ಷಿಣಿಯಾಗಿದ್ದ ಫ್ರಾನ್ಸೆಸ್ ವಿಲ್ಲರ್ಡ್ ಅಮ್ಮನವರು ತಮ್ಮ 53ನೆಯ ಪ್ರಾಯದಲ್ಲಿ ಬೈಸಿಕಲ್ ಕಲಿತರು. ಅವರೂ ನಮ್ಮಂತೆ ಉಪಾಧ್ಯಾಯಿನಿಯಾಗಿದ್ದವರು. ಸುಮಾರು ಮೂರು ತಿಂಗಳು ಹಿಡಿಯಿತು. ತಮ್ಮ ಬೈಸಿಕಲ್ಲಿಗೆ ಗ್ಲ್ಯಾಡಿಸ್ ಎಂದು ಹೆಸರಿಟ್ಟು, ತಾವು ಕಲಿತ ಬಗೆಯನ್ನು 1895ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದರು. ಆ ದಿನಗಳಲ್ಲಿ ಬೈಸಿಕಲ್ ಏರಿದ ಹೆಂಗಸರ ಮುಖವು ವಿಕಾರವಾಗುವದೆಂದು ಹೆದರಿಸುತ್ತಿದ್ದ ವೈದ್ಯರೂ ಇದ್ದರು. ವೈದ್ಯರ ಹೆಸರು ಯಾರಿಗೂ ನೆನಪಿಲ್ಲ.

ಇನ್ನೊಬ್ಬರು ನಮ್ಮ ನಾಡಿಗೂ ಬಂದುಹೋದವರು. ಐರ್ಲೆಂಡಿನ ಲಿಸ್ಮೋರ್ ಎಂಬ ಊರಲ್ಲಿ 1931ರಲ್ಲಿ ಹುಟ್ಟಿದ ಡೆರ್ವ್ಲಾ ಮರ್ಫಿ ಅವರಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಬೈಸಿಕಲ್ಲೂ ಒಂದು ಭೂಪಟದ ಪುಸ್ತಕವೂ ಉಡುಗೊರೆಯಾಗಿ ಬಂದವು. ಬೈಸಿಕಲ್ ಮೇಲೆ ಇಂಡಿಯಾಕ್ಕೆ ಹೋಗುವೆನೆಂದು ಆ ಹುಡುಗಿ ಆಗಲೇ ನಿಶ್ಚಯಿಸಿಕೊಂಡಳು. ಆದರೆ 14ನೆಯ ಪ್ರಾಯದಲ್ಲಿ, ಸಂಧಿವಾತದಿಂದ ಮಲಗಿದ ತಾಯಿಯ ಆರೈಕೆಗಾಗಿ ಶಾಲೆಯನ್ನು ಬಿಡಬೇಕಾಯಿತು. ತಾಯಿಯು ತೀರಿಕೊಂಡದ್ದು 1962ರಲ್ಲಿ. ಅಷ್ಟರ ವರೆಗೆ ಮನೆಯೇ ಅವರ ಲೋಕ. ತಾಯಿತಂದೆಗಳನ್ನು ನೋಡಿಕೊಳ್ಳಲಿಕ್ಕೆ ತಮ್ಮ ಓದನ್ನು ಬಿಟ್ಟ ಪೂರ್ವವಿದ್ಯಾರ್ಥಿನಿಯರು ನಮ್ಮಲ್ಲಿ ಹಲವರಿರುವದರಿಂದ ಇದನ್ನು ಒತ್ತಿ ಬರೆಯುತ್ತೇವೆ. 1963ರ ಜನವರಿಯ ಘೋರ ಚಳಿಯಲ್ಲಿ, ಗೇರುಗಳನ್ನು ಬಿಚ್ಚಿಸಿ ತೆಗೆದ ಒಂದು ಸಾದಾ ಬೈಸಿಕಲ್ಲನ್ನು ಏರಿ ಅವರು ಹೊರಟರು. ಯುರೋಪ್, ತುರ್ಕಿ, ಪರ್ಷಿಯ, ಅಫಘಾನಿಸ್ಥಾನ, ಪಾಕಿಸ್ತಾನಗಳನ್ನು ಹಾದು ದೆಹಲಿಯನ್ನು ಸೇರಿದರು. ಅಫಘಾನಿಸ್ಥಾನದಲ್ಲಿ ಬಂದೂಕಿನ ಹಿಡಿಯ ಪೆಟ್ಟಿಗೆ ಪಕ್ಕೆಲುಬುಗಳು ಮುರಿದವು. ಅದು ಬೈಸಿಕಲ್ ಮೇಲೆ ಅಲ್ಲ, ಬಸ್ಸಿನಲ್ಲಿ ಕೂತಿದ್ದಾಗ! ಬಸ್ಸೇ ಕ್ಷೇಮವೆನ್ನುವ ಪೋಷಕರು ಇದನ್ನು ಗಮನಿಸಬೇಕು. ಆ ಪ್ರಯಾಣದ ದಿನಚರಿಯು ‘ಫುಲ್ ಟಿಲ್ಟ್’ ಎಂಬ ಹೆಸರಿನಿಂದ 1965ರಲ್ಲಿ ಪ್ರಕಟವಾಯಿತು. ಹತ್ತು ವರುಷಗಳ ಮೇಲೆ ಅವರು ತಮ್ಮ ಐದು ವರುಷದ ಮಗಳನ್ನು ಕರೆದುಕೊಂಡು ಕೊಡಗಿಗೆ ಬಂದು ತಂಗಿದರು. ಆ ಸಲ ಬೈಸಿಕಲ್ ಇರಲಿಲ್ಲ. ಕೊಡಗಿನ ಆ ಪುಸ್ತಕವು 1976ರಲ್ಲಿ ಹೊರಬಿತ್ತು. ಅವರು ತೀರಿಕೊಂಡದ್ದು 2022ರಲ್ಲಿ, 90ರ ಪ್ರಾಯದಲ್ಲಿ. ನಮ್ಮ ಕೊಡಗಿನ ಪೂರ್ವವಿದ್ಯಾರ್ಥಿನಿಯರು ತಮ್ಮ ಸೀಮೆಯನ್ನು ಪರದೇಶದ ಒಬ್ಬ ತಾಯಿಯ ಕಣ್ಣಿನಿಂದ ನೋಡಬೇಕಾದರೆ ಆ ಪುಸ್ತಕವನ್ನು ಓದಬಹುದು.

ಈಗ ಪೋಷಕರ ದೊಡ್ಡ ಆಕ್ಷೇಪಕ್ಕೆ ಬರುತ್ತೇವೆ. ರಸ್ತೆಯು ಅಪಾಯದ ಸ್ಥಳವಲ್ಲವೇ? ಹೌದು, ಅಪಾಯದ ಸ್ಥಳವೇ. ಟ್ರಾನ್ಸ್‌ಕಾಂಟಿನೆಂಟಲ್ ಪಂದ್ಯವನ್ನು ಕಟ್ಟಿದ ಮೈಕ್ ಹಾಲ್ ಅವರೇ 2017ರ ಮಾರ್ಚ್ 31ರಂದು, ಆಸ್ಟ್ರೇಲಿಯವನ್ನು ಅಡ್ಡಹಾಯುವ ಇನ್ನೊಂದು ಪಂದ್ಯದಲ್ಲಿ ಸವಾರಿ ಮಾಡುತ್ತಿರುವಾಗ, ಕ್ಯಾನ್ಬೆರಾ ನಗರದ ಬಳಿ ಮೋಟಾರು ಬಡಿದು ಮೃತರಾದರು. ಅವರು ಚಾಪೆಲ್ ಅವರಿಗೆ ಗುರುವೂ ಸ್ನೇಹಿತರೂ ಆಗಿದ್ದರು. ಪುಸ್ತಕದ ಕೊನೆಯ ಭಾಗವು ಈ ಮರಣದ ಶೋಕದಿಂದ ತುಂಬಿದೆ. ಗೆಲುವಿನಲ್ಲಿಯೇ ಪುಸ್ತಕವನ್ನು ಮುಗಿಸಿದ್ದರೆ ಚೆನ್ನಾಗಿತ್ತೆಂದು ಕೆಲವರು ಹೇಳಾರು. ನಮಗೆ ಹಾಗೆ ತೋರುವದಿಲ್ಲ. ಗೆದ್ದ ಮೇಲೂ ದುಃಖವು ಮನೆಬಾಗಿಲಿಗೆ ಬರುತ್ತದೆಂಬದನ್ನು ಮರೆಮಾಡುವ ಪುಸ್ತಕವು ಮಕ್ಕಳಿಗೆ ಮೋಸ ಮಾಡುತ್ತದೆ.

ಹಾಗಾದರೆ ನಮ್ಮ ಹುಡುಗಿಯರು ರಾತ್ರಿಯಲ್ಲಿ ಹೆದ್ದಾರಿಯ ಲಾರಿಗಳ ನಡುವೆ ಬೈಸಿಕಲ್ ತುಳಿಯಲೆಂದು ನಾವು ಹೇಳುತ್ತೇವೆಯೇ? ಖಂಡಿತವಾಗಿಯೂ ಇಲ್ಲ. ಆದರೆ ಶಾಲೆಗೆ ಎರಡು ಮೈಲು ಬೈಸಿಕಲ್ ಮೇಲೆ ಬರುತ್ತಿದ್ದ ಹುಡುಗಿಯನ್ನು, ದೊಡ್ಡವಳಾದಳೆಂಬ ಒಂದೇ ಕಾರಣಕ್ಕೆ ಇಳಿಸಿಬಿಡುವದು ಯಾವ ಅಪಾಯಕ್ಕೆ ಮದ್ದು? ರಸ್ತೆಯು ಇದ್ದ ಹಾಗೆಯೇ ಇರುತ್ತದೆ, ಲಾರಿಯು ಬಂದ ಹಾಗೆಯೇ ಬರುತ್ತದೆ. ಕಡಿಮೆಯಾಗುವದು ಹುಡುಗಿಯ ಧೈರ್ಯ ಮಾತ್ರ. 2006–07ರಿಂದ ಹಲವು ವರುಷ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಉಚಿತವಾಗಿ ಹಂಚಿತಷ್ಟೆ. ತನ್ನದೆಂದು ಹೇಳಬಹುದಾದ ಮೊದಲ ವಸ್ತುವು ಅದೇ ಆಗಿದ್ದ ಹುಡುಗಿಯರು ಎಷ್ಟೋ ಮಂದಿ. ತಂಗಿಗೆ ಬಂದ ಬೈಸಿಕಲ್ಲನ್ನು ಅಣ್ಣನು ಏರಿ ಹೋದ ಮನೆಗಳೂ ಇಲ್ಲದಿಲ್ಲ. ಅಂಥ ಅಣ್ಣಂದಿರ ತಾಯಿಗಳು ಈ ಪುಟವನ್ನು ಓದುತ್ತಿದ್ದರೆ ನಮಗೆ ಸಂತೋಷ.

ಇದೆಲ್ಲ ಬಿಳಿಯರ ಹೆಣ್ಣುಮಕ್ಕಳಿಗೆ ಸಲ್ಲುವ ಮಾತೆನ್ನುವವರೂ ಇದ್ದಾರೆ. ನೆರೆಯ ಮಹಾರಾಷ್ಟ್ರದ ಪುಣೆಯ ವೇದಾಂಗಿ ಕುಲಕರ್ಣಿ ಎಂಬವರು 2018ರಲ್ಲಿ, ಇಪ್ಪತ್ತು ವರುಷದ ವಿದ್ಯಾರ್ಥಿನಿಯಾಗಿದ್ದಾಗ, ಆಸ್ಟ್ರೇಲಿಯದ ಪರ್ತ್ ನಗರದಿಂದ ಹೊರಟು ಭೂಮಿಯನ್ನು ಸುತ್ತುವ ಸುಮಾರು 29,000 ಕಿಲೋಮೀಟರು ದೂರವನ್ನು ಡಿಸೆಂಬರದಲ್ಲಿ ಕೊಲ್ಕತ್ತಾದಲ್ಲಿ ಪೂರೈಸಿದರು. ಅದೇ ವರುಷ ಸ್ಕಾಟ್ಲೆಂಡಿನ ಜೆನ್ನಿ ಗ್ರಹಾಂ ಎಂಬವರು, ಬೆಳೆದ ಮಗನ ತಾಯಿ, ಬರ್ಲಿನಿನಿಂದ ಹೊರಟು ಬರ್ಲಿನಿಗೆ ಬರುವ ಭೂಪ್ರದಕ್ಷಿಣೆಯನ್ನು ಯಾರ ಸಹಾಯವೂ ಇಲ್ಲದೆ 124 ದಿನಗಳಲ್ಲಿ ಮುಗಿಸಿದರು. ಅವರ ಪುಸ್ತಕವು 2023ರಲ್ಲಿ ಬಂದಿದೆ. ‘ಮೊದಲು ಕಾಫಿ, ಆಮೇಲೆ ಲೋಕ’ ಎಂಬರ್ಥದ ಹೆಸರು ಅದಕ್ಕಿದೆ. ನಮ್ಮ ಕಡೆಯ ಹೆಂಗಸರಿಗೆ ಆ ಹೆಸರಿನ ಮೊದಲ ಭಾಗದಲ್ಲಿ ಯಾವ ಭಿನ್ನಾಭಿಪ್ರಾಯವೂ ಇರಲಾರದು.

ಕಡೆಗೆ ಪೂರ್ವವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ಇಂಥ ಸಂಚಿಕೆಗಳಲ್ಲಿ ಪದಕ ಪಡೆದವರ, ಉದ್ಯೋಗದಲ್ಲಿ ಮೇಲೇರಿದವರ ವಿವರಗಳು ತಪ್ಪದೆ ಬರುತ್ತವೆ, ಬರತಕ್ಕದ್ದೇ. ಅದರೊಂದಿಗೆ, ಓದನ್ನು ಅರ್ಧಕ್ಕೆ ಬಿಟ್ಟು ಇಪ್ಪತ್ತು ವರುಷದ ಮೇಲೆ ಪುನಃ ಪರೀಕ್ಷೆಗೆ ಕೂತವರೂ, ಹಿಡಿದ ಉದ್ಯೋಗವು ಕೈತಪ್ಪಿದವರೂ, ತಿರಿಗಿ ಪ್ರಯತ್ನಿಸದೆ ಬೇರೆ ದಾರಿ ಹಿಡಿದವರೂ ತಮ್ಮ ಸಂಗತಿಯನ್ನು ಎರಡು ಪುಟಗಳಷ್ಟು ಬರೆದು ಕಳುಹಿಸಬೇಕು. ಗೆಲುವಿನಲ್ಲಿ ಮುಗಿಯಬೇಕೆಂಬ ನಿಯಮವಿಲ್ಲ. ಹೆಸರು ಬೇಡವೆಂದವರ ಹೆಸರನ್ನು ಅಚ್ಚುಹಾಕುವದಿಲ್ಲ. ಬರಹಗಳನ್ನು ಮುಂದಿನ ಸಂಚಿಕೆಗಾಗಿ ಶಾಲೆಯ ಕಚೇರಿಗೆ ಕಳುಹಿಸಬಹುದು. ಚಾಪೆಲ್ ಅವರ ಎರಡು ಪುಸ್ತಕಗಳೂ ಮರ್ಫಿ ಅವರ ಕೊಡಗಿನ ಪುಸ್ತಕವೂ ನಮ್ಮ ಪುಸ್ತಕಾಲಯದ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇವೆ. ಶನಿವಾರ ಮಧ್ಯಾಹ್ನ ಬಂದು ಕೇಳಿದ ಪೋಷಕರಿಗೂ ಕೊಡಲಾಗುವದು. ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕಾಗಿ ವಿನಂತಿ.